ಫೈಲು ಹೋಯಿತು, ಸೇರಿತೇ?

(ಎಲ್ಲೂರಿನಲ್ಲಿ ನಡೆದ ಪೋಷಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ಟೀಚರಿಗೆ ಕಂಪ್ಯೂಟರಿನ ವಿಷಯವನ್ನು ಯಾಕೆ ಕೊಟ್ಟರು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ನನಗೂ ಅನಿಸಿತ್ತು. ಬಿ.ಎಡ್. ಓದುವಾಗ ಕಂಪ್ಯೂಟರ್ ಎಂಬುದು ನಮಗೆ ಪರೀಕ್ಷೆ ಪಾಸಾಗುವಷ್ಟು ಓದಿ ಮುಗಿಸಿದ ಒಂದು ವಿಷಯ, ಅಷ್ಟೆ. ಆದರೆ ಈಗ ಶಾಲೆಯಲ್ಲಿ ನಾನು ಪದ್ಯ ಓದಿಸುವುದಕ್ಕಿಂತ ಹೆಚ್ಚು ಹೊತ್ತು ಬ್ರೌಸರಿನ ಮುಂದೆ ಕುಳಿತಿರುತ್ತೇನೋ ಎಂಬ ಅನುಮಾನ ನನಗೇ ಇದೆ. ಮಕ್ಕಳ ವಿವರ ಸ್ಯಾಟ್ಸ್‌ಗೆ ಏರಿಸಬೇಕು, ಶಾಲೆಯ ಲೆಕ್ಕ ಯು-ಡೈಸ್‌ಗೆ ಏರಿಸಬೇಕು, ಎಸ್‌.ಎಸ್‌.ಎಲ್‌.ಸಿ. ಮಕ್ಕಳ ಹೆಸರು, ಭಾವಚಿತ್ರ, ಆಂತರಿಕ ಅಂಕ ಪರೀಕ್ಷಾ ಮಂಡಳಿಗೆ ಏರಿಸಬೇಕು, ಪ್ರವೇಶಪತ್ರ ಇಳಿಸಿ ಮುದ್ರಿಸಬೇಕು. ನೀವೂ ಇದರಿಂದ ಹೊರತಲ್ಲ. ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ, ಪಾಸ್‌ಪೋರ್ಟು, ಪಡಿತರ ಚೀಟಿ, ಯಾವುದೇ ಇರಲಿ, ಒಂದು ಕಡೆ ಫೈಲು ಏರಿಸು ಎನ್ನುತ್ತದೆ, ಇನ್ನೊಂದು ಕಡೆ ಫೈಲು ಇಳಿಸಿಕೋ ಎನ್ನುತ್ತದೆ. ಇಂದಿನ ನನ್ನ ಮಾತು ಇಷ್ಟೇ: ಈ ಏರಿಸುವುದು ಇಳಿಸುವುದು ನಡೆಯುವಾಗ ಒಳಗೆ ಏನಾಗುತ್ತದೆ, ಎಲ್ಲಿ ತಪ್ಪುತ್ತದೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಇದನ್ನು ಹೇಳದೆ ಮುಂದಿನದನ್ನು ಹೇಳುವ ಅಧಿಕಾರ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ತಂದೆ ಸೌದಿಯಲ್ಲಿ ಚಾಲಕ, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ತಾಯಿಗೆ ಕುರ್‌ಆನ್ ಓದಲು ಬರುತ್ತದೆ, ಕನ್ನಡ ನಿಧಾನವಾಗಿ ಕೂಡಿಸಿ ಓದುತ್ತಾರೆ, ಇಂಗ್ಲಿಷ್ ಬಾರದು. ಹುಡುಗಿ ಬುದ್ಧಿವಂತೆ. ಒಂದು ವಿದ್ಯಾರ್ಥಿವೇತನಕ್ಕೆ ಅವಳು ಎಲ್ಲ ರೀತಿಯಲ್ಲೂ ಅರ್ಹಳಾಗಿದ್ದಳು. ಕೊನೆಯ ದಿನ ಹತ್ತಿರವಾದಾಗ ನಾನೇ ಹೇಳಿದೆ, ಪೇಟೆಗೆ ಹೋಗಿ ಅರ್ಜಿ ಹಾಕಿಸಿ ಬನ್ನಿ ಎಂದು. ತಾಯಿ ಮಗಳು ಬಸ್ಸಿನಲ್ಲಿ ಹೋದರು, ಸರದಿಯಲ್ಲಿ ಕುಳಿತರು. ಅಂಗಡಿಯ ಹುಡುಗ ಅವಳ ಅಂಕಪಟ್ಟಿಯ ಫೋಟೋ ತೆಗೆದು ಏರಿಸಿದ. ಪರದೆಯಲ್ಲಿ ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ಓಡಿತು, 100 ಶೇಕಡಾ ಎಂದು ತೋರಿಸಿತು. ಆಯಿತು ಎಂದ. ತುಂಬಿದ ಅರ್ಜಿಯ ಒಂದು ಪ್ರಿಂಟ್ ತೆಗೆದುಕೊಟ್ಟ. ಮರುದಿನ ಆ ಪ್ರಿಂಟನ್ನು ಹುಡುಗಿ ನನಗೆ ತೋರಿಸಿದಳು. ಹೆಸರು ಸರಿ, ತರಗತಿ ಸರಿ, ಬ್ಯಾಂಕ್ ಖಾತೆ ಸರಿ. 'ಶಾಬಾಶ್' ಎಂದು ಹೇಳಿ ಹಿಂದಕ್ಕೆ ಕೊಟ್ಟೆ.

ಆ ಕಾಗದದಲ್ಲಿ ಅರ್ಜಿ ಸಂಖ್ಯೆ ಇರಲಿಲ್ಲ. ನಾನು ನೋಡಬೇಕಿದ್ದದ್ದು ಅದೊಂದನ್ನೇ. ನೋಡಲಿಲ್ಲ.

ತಿಂಗಳುಗಳ ನಂತರ ಪಟ್ಟಿ ಬಂದಾಗ ಅವಳ ಹೆಸರು ಇಲ್ಲ. ವಿಚಾರಿಸಿದಾಗ ಅರ್ಜಿ ಕರಡು ರೂಪದಲ್ಲೇ ಉಳಿದಿದೆ ಎಂದು ಗೊತ್ತಾಯಿತು. ಅಂಕಪಟ್ಟಿಯ ಫೋಟೋ ಸುಮಾರು 4 ಎಂ.ಬಿ. ಇತ್ತು, ಅಲ್ಲಿ ಅನುಮತಿ ಇದ್ದದ್ದು 200 ಕೆ.ಬಿ.ಗೆ. ಪುಟದ ಮೇಲ್ಭಾಗದಲ್ಲಿ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಒಂದೇ ಒಂದು ಸಾಲು ಬಂದಿರಬೇಕು. ಎಲ್ಲರ ಕಣ್ಣು ಪುಟದ ಕೆಳಭಾಗದಲ್ಲಿದ್ದ ಹಸಿರು ಗೆರೆಯ ಮೇಲಿತ್ತು. ಹುಡುಗಿ 'ಪರವಾಗಿಲ್ಲ ಟೀಚರ್' ಎಂದಳು. ಬಯ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆ ಹಸಿರು ಗೆರೆ ಸುಳ್ಳು ಹೇಳಿತೇ? ಇಲ್ಲ. ಅದು ನಿಜವನ್ನೇ ಹೇಳಿತ್ತು, ನಾವು ತಪ್ಪಾಗಿ ಕೇಳಿಸಿಕೊಂಡೆವು. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳುಹಿಸುವ ಆಸೆ ಬ್ರೌಸರಿಗಿಂತ ಹಳೆಯದು. ಅದಕ್ಕೆ ನಿಯಮಗಳನ್ನು ಮೊದಲು ಬರೆದವರು ಒಬ್ಬ ಭಾರತೀಯರು ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ. ಅಭಯ್ ಭೂಷಣ್, ಅಲಹಾಬಾದಿನವರು, ಕಾನ್ಪುರ ಐಐಟಿಯ ಮೊದಲ ತಂಡದ ವಿದ್ಯಾರ್ಥಿ. 1971ರ ಏಪ್ರಿಲಿನಲ್ಲಿ ಅವರು ಎಂಐಟಿಯಲ್ಲಿದ್ದಾಗ ಎಫ್‌ಟಿಪಿ ಎಂಬ ಪದ್ಧತಿಯ ಮೊದಲ ಕರಡನ್ನು ಬರೆದರು. ಎಂಐಟಿ ಎಂದ ಕೂಡಲೇ ನಮ್ಮೂರಿನವರು ಮಣಿಪಾಲದ ಕಡೆ ನೋಡುತ್ತಾರೆ. ಇದು ಅಮೆರಿಕದ ಮೆಸಾಚುಸೆಟ್ಸಿನದು. ಎಫ್‌ಟಿಪಿ ಬಹಳ ವರ್ಷ ದುಡಿಯಿತು. ಬ್ರೌಸರುಗಳೂ ಅದನ್ನು ಬಲ್ಲವಾಗಿದ್ದವು, ವಿಳಾಸದ ಜಾಗದಲ್ಲಿ ಎಫ್‌ಟಿಪಿ ಎಂದು ಶುರು ಮಾಡಿ ಟೈಪಿಸಿದರೆ ದೂರದ ಸರ್ವರಿನ ಫೈಲುಗಳ ಪಟ್ಟಿ ಕಾಣುತ್ತಿತ್ತು. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆ. ನಿಮ್ಮ ಗುಪ್ತಪದ ತಂತಿಯ ಮೇಲೆ ಬಿಚ್ಚು ಅಕ್ಷರಗಳಲ್ಲೇ ಹೋಗುತ್ತಿತ್ತು, ಅಂಚೆಕಾರ್ಡಿನಲ್ಲಿ ಬರೆದ ಹಾಗೆ. ಹಾಗಾಗಿ 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿಯನ್ನು ಪೂರ್ತಿಯಾಗಿ ಕೈಬಿಟ್ಟವು. ಹಳೆಯ ಕಂಪ್ಯೂಟರ್ ಪುಸ್ತಕ ಇಟ್ಟುಕೊಂಡು ಬ್ರೌಸರಿನಲ್ಲಿ ಎಫ್‌ಟಿಪಿ ಹುಡುಕುವ ಹುಡುಗರಿಗೆ ಇದನ್ನು ಹೇಳುತ್ತಿದ್ದೇನೆ. ಅದು ಬೇಕಿದ್ದರೆ ಈಗ ಬೇರೆ ತಂತ್ರಾಂಶ ಬೇಕು.

ನಾವು ಇಂದು ಬಳಸುವುದು ಇನ್ನೊಂದು ದಾರಿ. ಜಾಲತಾಣದ ಅರ್ಜಿಯಲ್ಲಿ 'ಫೈಲು ಆರಿಸಿ' ಎಂಬ ಗುಂಡಿ ಇರುತ್ತದಲ್ಲ, ಅದು. ಮೊದಮೊದಲು ಜಾಲತಾಣದ ಅರ್ಜಿಗಳಲ್ಲಿ ಅಕ್ಷರಗಳನ್ನು ಮಾತ್ರ ತುಂಬಲು ಆಗುತ್ತಿತ್ತು. 1995ರ ನವೆಂಬರಿನಲ್ಲಿ ಝೆರಾಕ್ಸ್ ಕಂಪನಿಯ ಇಬ್ಬರು, ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮಸಿಂಟರ್, ಅರ್ಜಿಯ ಜೊತೆಗೆ ಫೈಲನ್ನೂ ಕಳುಹಿಸುವ ವಿಧಾನವನ್ನು ಬರೆದು ಪ್ರಕಟಿಸಿದರು. ಝೆರಾಕ್ಸ್ ಎಂದರೆ ನಮಗೆ ನಕಲು ಪ್ರತಿ ಎಂದೇ ಅರ್ಥ. ಅರ್ಜಿಗೆ ಝೆರಾಕ್ಸ್ ಲಗತ್ತಿಸಿ ಎಂದು ಎಷ್ಟು ವರ್ಷ ಹೇಳಿದ್ದೇವೆ! ಕಂಪ್ಯೂಟರಿನ ಅರ್ಜಿಗೆ ಲಗತ್ತು ಹಚ್ಚುವ ದಾರಿಯನ್ನೂ ಅದೇ ಕಂಪನಿಯವರು ಹಾಕಿಕೊಟ್ಟದ್ದು ನನಗೆ ತಮಾಷೆಯಾಗಿ ಕಾಣುತ್ತದೆ.

ಅದು ಕೆಲಸ ಮಾಡುವ ರೀತಿ ಹೀಗೆ. ನೀವು ಹೆಸರು, ಊರು, ಅಂಕ ತುಂಬಿ, ಫೋಟೋ ಆರಿಸಿ, ಕಳುಹಿಸು ಎಂದು ಒತ್ತುತ್ತೀರಿ. ಬ್ರೌಸರ್ ಎಲ್ಲವನ್ನೂ ಒಂದೇ ಲಕೋಟೆಗೆ ಹಾಕುತ್ತದೆ. ಒಳಗಿನ ಕಾಗದಗಳು ಒಂದಕ್ಕೊಂದು ಬೆರೆಯಬಾರದಲ್ಲ, ಅದಕ್ಕೆ ಪ್ರತಿ ಎರಡರ ನಡುವೆ ಒಂದು ಅಡ್ಡಚೀಟಿ ಇಡುತ್ತದೆ. ಆ ಚೀಟಿಯ ಮೇಲೆ ಫೈಲಿನೊಳಗೆ ಎಲ್ಲೂ ಬಾರದಂಥ ಒಂದು ವಿಚಿತ್ರ ಅಕ್ಷರಮಾಲೆ ಇರುತ್ತದೆ. ಸರ್ವರ್ ಆ ಚೀಟಿಗಳನ್ನು ನೋಡಿ, ಇದು ಹೆಸರು, ಇದು ಫೋಟೋ ಎಂದು ಬಿಡಿಸಿಕೊಳ್ಳುತ್ತದೆ. ಆದರೆ ಲಕೋಟೆ ಇಡಿಯಾಗಿ ಹೋಗುವುದಿಲ್ಲ. ದಾರಿಯಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 1500 ಬೈಟಿನಷ್ಟು ದೊಡ್ಡ ತುಂಡು ಮಾತ್ರ ಹೋಗಬಲ್ಲದು. 200 ಕೆ.ಬಿ.ಯ ಫೋಟೋ ಎಂದರೆ ಸುಮಾರು 140 ತುಂಡು. ಒಂದೊಂದಕ್ಕೂ ಕ್ರಮಸಂಖ್ಯೆ ಇದೆ. ಆ ಕಡೆಯಿಂದ ಬಂತು ಬಂತು ಎಂದು ಉತ್ತರ ಬರುತ್ತಿರುತ್ತದೆ, ಬಾರದೆ ಹೋದ ತುಂಡನ್ನು ಮತ್ತೆ ಕಳುಹಿಸಲಾಗುತ್ತದೆ. ಬೀಡಿ ಲೆಕ್ಕ ಹಾಕುವ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ. ಕಟ್ಟು ಕಟ್ಟಾಗಿ ಎಣಿಸಿ ಕೊಡುವುದು, ಕಡಿಮೆ ಬಿದ್ದರೆ ಮತ್ತೆ ಕೊಡುವುದು.

ಹಸಿರು ಗೆರೆ ಹೇಳುವುದು ಇದನ್ನಷ್ಟೇ: ತುಂಡುಗಳು ಇಲ್ಲಿಂದ ಹೊರಟವು. ಲಕೋಟೆ ಬಾಗಿಲಿಗೆ ತಲುಪಿದ ಮೇಲೆ ಸರ್ವರಿನ ಕೆಲಸ ಶುರುವಾಗುತ್ತದೆ. ಗಾತ್ರ ಮಿತಿಯೊಳಗಿದೆಯೇ? ಕೇಳಿದ್ದು ಜೆಪೆಗ್, ಬಂದದ್ದು ಪಿ.ಡಿ.ಎಫ್. ಆಗಿದೆಯೇ? ಈ ವ್ಯಕ್ತಿ ಇನ್ನೂ ಒಳಗೆ ಬಂದಿರುವವನೇ ಅಥವಾ ಇವನ ಹೊತ್ತು ಮುಗಿದಿದೆಯೇ? ಎಲ್ಲ ಸರಿ ಎಂದಾದರೆ ಮಾತ್ರ ಅದು ಫೈಲನ್ನು ತನ್ನ ಕಪಾಟಿನಲ್ಲಿಟ್ಟು ನಿಮಗೆ ಒಂದು ಸಂಖ್ಯೆ ಕೊಡುತ್ತದೆ. ಸರಿಯಿಲ್ಲದಿದ್ದರೆ ಲಕೋಟೆಯನ್ನು ಅಲ್ಲೇ ಎಸೆಯುತ್ತದೆ. ಗಾತ್ರ ಮೀರಿದ್ದಕ್ಕೆ 413 ಎಂಬ ಸಂಖ್ಯೆಯ ಉತ್ತರವೇ ಇದೆ. ಕೆಲವು ತಾಣಗಳು ಅದನ್ನು ಕೆಂಪು ಅಕ್ಷರದಲ್ಲಿ ತಿಳಿಸುತ್ತವೆ, ಕೆಲವು ಸುಮ್ಮನೆ ಹಳೆಯ ಪುಟವನ್ನೇ ಮತ್ತೆ ತೋರಿಸುತ್ತವೆ. ಹಿಂದೆ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ಸ್ವೀಕೃತಿ ಕಾರ್ಡು ಹಚ್ಚುತ್ತಿದ್ದರು ನಮ್ಮ ಹಿರಿಯರು. ಡಬ್ಬಿಗೆ ಹಾಕಿದ್ದು ಬೇರೆ, ಆ ಕಾರ್ಡು ಸಹಿಯಾಗಿ ಮರಳಿ ಬಂದದ್ದು ಬೇರೆ ಎಂದು ಅವರಿಗೆ ಗೊತ್ತಿತ್ತು.

ಆದ್ದರಿಂದ ತಾಯಂದಿರೇ, ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, ಅಂಗಡಿಯಿಂದ ಏಳುವ ಮೊದಲು ಒಂದೇ ಪ್ರಶ್ನೆ ಕೇಳಿ: 'ಅರ್ಜಿ ನಂಬರ್ ಎಲ್ಲಿ?' ಅದನ್ನು ನಿಮ್ಮ ಕಣ್ಣಾರೆ ನೋಡಿ, ಮೊಬೈಲಿನಲ್ಲಿ ಆ ಪರದೆಯ ಫೋಟೋ ತೆಗೆದುಕೊಳ್ಳಿ. ಆಮೇಲೆ ಅದೇ ತಾಣದಲ್ಲಿ ಅರ್ಜಿಯ ಸ್ಥಿತಿ ನೋಡುವ ಜಾಗಕ್ಕೆ ಹೋಗಿ, ಏರಿಸಿದ ಅಂಕಪಟ್ಟಿಯನ್ನು ಮತ್ತೆ ತೆರೆಯಲು ಹೇಳಿ. ಅದು ತೆರೆದು ನಿಮ್ಮ ಮಗುವಿನದೇ ಅಂಕಪಟ್ಟಿ ಕಂಡರೆ ಫೈಲು ಸೇರಿತು ಎಂದು ಅರ್ಥ. ಅಣ್ಣನದು ಕಂಡದ್ದೂ ಉಂಟು. ಒಂದೇ ಮನೆಯ ಮೂವರು ಮಕ್ಕಳ ಫೈಲುಗಳಿಗೆ ಮೊಬೈಲ್ ಕೊಡುವ ಹೆಸರು ಬರೀ ಅಂಕೆಗಳು, ಬದಲಾಗದೆ ಏನಾಗುತ್ತದೆ?

ಈಗ ಗಾತ್ರದ ವಿಷಯ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ತೊಂದರೆ ಇಲ್ಲೇ.

ಇಂದಿನ ಸಾಧಾರಣ ಮೊಬೈಲಿನ ಕ್ಯಾಮೆರಾ ಒಂದು ಫೋಟೋಕ್ಕೆ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆ ಹಾಕುತ್ತದೆ. ಗುಣಿಸಿದರೆ 1 ಕೋಟಿ 20 ಲಕ್ಷ ಚುಕ್ಕೆ. ಅರ್ಜಿಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಾಣುವ ಮುಖಕ್ಕೆ ಇಷ್ಟು ಯಾಕೆ ಬೇಕು? ಅದನ್ನೇ 800ಕ್ಕೆ 600 ಚುಕ್ಕೆಗೆ ಇಳಿಸಿದರೆ 4 ಲಕ್ಷ 80 ಸಾವಿರ, ಅಂದರೆ 25ರಲ್ಲಿ ಒಂದು ಪಾಲು. ಮೊಬೈಲಿನಲ್ಲೇ ಚಿತ್ರದ ಅಳತೆ ಬದಲಿಸುವ ಸೌಕರ್ಯ ಇರುತ್ತದೆ, ಮಕ್ಕಳಿಗೆ ಗೊತ್ತು. ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡುವುದಾದರೆ ಇಂಚಿಗೆ 150 ಚುಕ್ಕೆ ಸಾಕು, ಅಕ್ಷರ ಓದಲು ಬರುತ್ತದೆ. 300 ಇಟ್ಟರೆ ಚುಕ್ಕೆಗಳು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತವೆ. ಅಡ್ಡಕ್ಕೂ ಎರಡು ಪಟ್ಟು, ಉದ್ದಕ್ಕೂ ಎರಡು ಪಟ್ಟು. ಇನ್ನು ಕೆಲವರು ಉಲ್ಟಾ ದಾರಿ ಹಿಡಿಯುತ್ತಾರೆ. ದುಬೈಯಲ್ಲಿರುವ ತಂದೆ ತನ್ನ ದಾಖಲೆಯ ಫೋಟೋವನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ, ಇಲ್ಲಿಯವರು ಅದನ್ನು ಮೂವರಿಗೆ ದಾಟಿಸಿ ಕೊನೆಗೆ ಅಂಗಡಿಗೆ ತರುತ್ತಾರೆ. ವಾಟ್ಸಾಪು ಫೋಟೋವನ್ನು ತಾನೇ ಹಿಂಡಿ ಸಣ್ಣದು ಮಾಡುತ್ತದೆ, ಸಣ್ಣ ಅಕ್ಷರದ ಪಾಸ್‌ಪೋರ್ಟು ಸಂಖ್ಯೆ ಮಸುಕಾಗುತ್ತದೆ. ಕಳುಹಿಸುವಾಗ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಮೂಲ ಹಾಗೆಯೇ ಬರುತ್ತದೆ. ಇದನ್ನು ಇವತ್ತೇ ಮನೆಗೆ ಹೋಗಿ ಫೋನಿನಲ್ಲಿ ಅವರಿಗೆ ಹೇಳಿಬಿಡಿ.

ಇಳಿಸುವುದು ಬೇಗ, ಏರಿಸುವುದು ನಿಧಾನ, ಯಾಕೆ ಟೀಚರ್ ಎಂದು ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. 2005ರಲ್ಲಿ ಬಿ.ಎಸ್‌.ಎನ್‌.ಎಲ್. ದೂರವಾಣಿ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ತಂದಾಗ ಅದರಲ್ಲಿದ್ದ ತಂತ್ರದ ಹೆಸರಲ್ಲೇ ಅಸಮಾನ ಎಂಬ ಅರ್ಥದ ಪದ ಇತ್ತು. ಜನ ನೋಡುವುದು ಹೆಚ್ಚು, ಕಳುಹಿಸುವುದು ಕಡಿಮೆ ಎಂದು ಲೆಕ್ಕ ಹಾಕಿ, ತಂತಿಯ ಬಹುಪಾಲು ಜಾಗವನ್ನು ಇಳಿಕೆಗೆ ಕೊಟ್ಟು ಏರಿಕೆಗೆ ಸ್ವಲ್ಪ ಉಳಿಸಿದ್ದರು. ಮೊಬೈಲ್ ಜಾಲದಲ್ಲೂ ಸಾಮಾನ್ಯವಾಗಿ ಹಾಗೆಯೇ. ಗೋಪುರದ ದನಿ ಗಟ್ಟಿ, ನಿಮ್ಮ ಕೈಯ ಫೋನಿನ ದನಿ ಸಣ್ಣದು. ಇನ್ನೊಂದು ಗೊಂದಲ ಅಳತೆಯದು. ಕಂಪನಿಯವರು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರ ಬೈಟ್‌ಗಳಲ್ಲಿರುತ್ತದೆ, ಒಂದು ಬೈಟಿಗೆ 8 ಬಿಟ್. 5 ಎಂ.ಬಿ.ಯ ಫೈಲು ಎಂದರೆ 40 ಮೆಗಾಬಿಟ್. ಏರಿಕೆಯ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ 40 ಸೆಕೆಂಡು ಬೇಕು, 5 ಸೆಕೆಂಡಲ್ಲ. ಆ 40 ಸೆಕೆಂಡಿನ ನಡುವೆ ಸಂಪರ್ಕ ಕಡಿದರೆ? ಸಾಧಾರಣ ಅರ್ಜಿಗಳಲ್ಲಿ ಮೊದಲಿನಿಂದ ಶುರು. ನಿಂತಲ್ಲಿಂದ ಮುಂದುವರಿಸುವ ಏರ್ಪಾಟು ಗೂಗಲ್ ಡ್ರೈವಿನಂಥ ಕಡೆ ಇದೆ, ಎಲ್ಲ ಕಡೆ ಇಲ್ಲ. ನಮ್ಮ ಎಲ್ಲೂರಿನಲ್ಲೇ 1200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೆ. ಆದರೂ ಜುಲೈ ತಿಂಗಳ ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ನನ್ನ ಅಪ್‌ಲೋಡಿಗೆ ಆ 1200 ಮೆಗಾವಾಟ್ ಏನೂ ಮಾಡಲಾರದು. ಕೊನೆಯ ದಿನಕ್ಕೆ ಕಾಯಬೇಡಿ ಎಂದು ಮಕ್ಕಳಿಗೆ ಹೇಳುವುದು ಶಿಸ್ತಿಗಾಗಿ ಅಲ್ಲ, ಮಳೆಗಾಲಕ್ಕಾಗಿ.

ಅರ್ಜಿ ತುಂಬುತ್ತಾ ತುಂಬುತ್ತಾ ಚಹಾ ಕುಡಿಯಲು ಎದ್ದು ಹೋಗುವವರಿಗೆ ಒಂದು ಮಾತು. ಸರ್ವರಿಗೆ ನೆನಪಿಲ್ಲ. ಪ್ರತಿ ಸಲ ನೀವು ಗುಂಡಿ ಒತ್ತಿದಾಗ ಅದಕ್ಕೆ ನೀವು ಹೊಸಬರೇ. ನಿಮ್ಮನ್ನು ಗುರುತಿಸಲು ಅದು ಬ್ರೌಸರಿನ ಕೈಯಲ್ಲಿ ಒಂದು ಚೀಟಿ ಕೊಟ್ಟಿರುತ್ತದೆ, ಆ ಚೀಟಿಗೆ ಅವಧಿ ಇರುತ್ತದೆ. ಅವಧಿ ಮುಗಿದ ಮೇಲೆ ನೀವು ಏರಿಸಿದ್ದು ಯಾರದೆಂದು ಅದಕ್ಕೆ ತಿಳಿಯದು. ಆದ್ದರಿಂದ ಫೈಲುಗಳನ್ನೆಲ್ಲ ಮೊದಲೇ ಅಳತೆಗೆ ತಂದು, ಮಗುವಿನ ಹೆಸರು ಕೊಟ್ಟು ಒಂದು ಫೋಲ್ಡರಿನಲ್ಲಿಟ್ಟು, ಆಮೇಲೆ ಅರ್ಜಿ ತೆರೆಯಿರಿ. ಹಾಗೆಯೇ, ಕಳುಹಿಸು ಎಂದು ಒತ್ತಿದ ಮೇಲೆ ನಿಧಾನವಾಯಿತೆಂದು ಪುಟವನ್ನು ಹೊಸದಾಗಿ ತೆರೆಯುವ ಗುಂಡಿ ಒತ್ತಬೇಡಿ. ಮತ್ತೊಮ್ಮೆ ಕಳುಹಿಸಲೇ ಎಂದು ಬ್ರೌಸರ್ ಕೇಳುತ್ತದೆ, ನಾವು ಹೂಂ ಎನ್ನುತ್ತೇವೆ, ಎರಡು ಅರ್ಜಿ ಬೀಳುತ್ತದೆ, ಶುಲ್ಕವಿದ್ದರೆ ಎರಡು ಸಲ ಕಡಿತವಾದೀತು.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ, ಭಾಷೆಗೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಿ.

ನಾನು ಕನ್ನಡದ ಪ್ರಶ್ನೆಪತ್ರಿಕೆಯನ್ನು ನುಡಿಯಲ್ಲೂ ಉರ್ದುವಿನದನ್ನು ಇನ್‌ಪೇಜಿನಲ್ಲೂ ಮಾಡಿ ಕಲಿತವಳು. ನುಡಿಯ ಕೀಲಿಮಣೆಯ ಹಿಂದೆ ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರ ಕೆಲಸವಿದೆ. ಇನ್‌ಪೇಜು ಇಲ್ಲದಿದ್ದರೆ ನಸ್ತಾಲೀಖಿನ ಆ ಚೆಂದದ ಓರೆ ಬರಹ ಕಂಪ್ಯೂಟರಿಗೆ ಬರಲು ಇನ್ನೆಷ್ಟು ಕಾಲ ಬೇಕಿತ್ತೋ. ಎರಡಕ್ಕೂ ನಾನು ಋಣಿ. ಆದರೆ ಎರಡರ ಹಳೆಯ ಫೈಲುಗಳಿಗೂ ಒಂದೇ ರೋಗ. ಹಳೆಯ ನುಡಿಯಲ್ಲಿ ನೀವು 'ಕ' ಒತ್ತಿದಾಗ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು ಕನ್ನಡದ 'ಕ' ಅಲ್ಲ, ಯಾವುದೋ ಯುರೋಪಿನ ಅಕ್ಷರದ ಸಂಖ್ಯೆ. ಅದಕ್ಕೆ ಕನ್ನಡದ ಅಂಗಿ ತೊಡಿಸಿದ್ದರು, ಅಷ್ಟೆ. ಅದನ್ನು ನಕಲಿಸಿ ಜಾಲತಾಣದ ಅರ್ಜಿಗೆ ಅಂಟಿಸಿದರೆ ಅಂಗಿ ಕಳಚಿ ಬೀಳುತ್ತದೆ, ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಒಬ್ಬ ಸಹೋದ್ಯೋಗಿ ಶಾಲೆಯ ವರದಿಯನ್ನು ಹೀಗೆ ಏರಿಸಿ, ಮೇಲಿನಿಂದ 'ನೀವು ಕಳುಹಿಸಿದ್ದು ಯಾವ ಭಾಷೆ?' ಎಂದು ಫೋನ್ ಬಂದಿತ್ತು.

ಇದಕ್ಕೆ ಮದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಮನೆಗಳು ಸಿಕ್ಕಿವೆ. ಉರ್ದುವಿನ ಅಕ್ಷರಗಳು ಅರಬಿಯ ಕೇರಿಯಲ್ಲಿ ಒಟ್ಟಿಗೆ ಇವೆ. ಯೂನಿಕೋಡಿನಲ್ಲಿ ಬರೆದದ್ದು ಎಲ್ಲೂರಿನಲ್ಲೂ ಜುಬೈಲಿನಲ್ಲೂ ಒಂದೇ. ಮೊಬೈಲಿನಲ್ಲಿ ನೀವು ಬರೆಯುವ ಕನ್ನಡ, ಉರ್ದು ಎರಡೂ ಯೂನಿಕೋಡೇ, ಹೆದರಬೇಕಿಲ್ಲ. ಹಳೆಯ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ, ಆದರೆ ಆಮೇಲೆ ಒಮ್ಮೆ ಓದಿ. ಒತ್ತಕ್ಷರಗಳು, ಅರ್ಕಾವತ್ತು ಕೆಲವೊಮ್ಮೆ ಜಾಗ ಬದಲಿಸುತ್ತವೆ. ಓದಲು ಮಾತ್ರ ಬೇಕಾದ ಕಾಗದವಾದರೆ ಪಿ.ಡಿ.ಎಫ್. ಮಾಡಿ ಏರಿಸುವುದು ಸುಲಭ. ಅಕ್ಷರದ ಅಚ್ಚುಗಳೂ ಅದರೊಳಗೇ ಹೋಗುತ್ತವೆ.

ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲೇ ಇಡಿ ಎಂದು ಕನ್ನಡ ಟೀಚರಾಗಿಯೂ ಹೇಳುತ್ತಿದ್ದೇನೆ. ಕಾರಣ ಕೇಳಿ. 'ಎಲ್ಲೂರು' ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಎ, ಲ, ವಿರಾಮ, ಲ, ದೀರ್ಘದ ಕೊಂಬು, ರ, ಕೊಂಬು, ಹೀಗೆ 7 ಚಿಹ್ನೆ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟಿನಂತೆ 21 ಬೈಟು. ಜಾಲದ ವಿಳಾಸದೊಳಗೆ ಹೋಗಬೇಕಾದರೆ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಹಚ್ಚಿ ಮೂರು ಅಕ್ಷರವಾಗಿ ಬರೆಯುತ್ತಾರೆ. ಅಲ್ಲಿಗೆ ನಮ್ಮೂರಿನ ಹೆಸರು 63 ಅಕ್ಷರ! ಒಳ್ಳೆಯ ಸರ್ವರು ಇದನ್ನು ನಿಭಾಯಿಸುತ್ತದೆ, ಹಳೆಯದು ಮುಗ್ಗರಿಸುತ್ತದೆ. ಉರ್ದುವಿನಲ್ಲಿ ಚಿಹ್ನೆಗೆ 2 ಬೈಟೇ ಸಾಕು, ಆದರೆ ಬಲದಿಂದ ಎಡಕ್ಕೆ ಹೋಗುವ ಹೆಸರಿನ ಕೊನೆಗೆ ಎಡದಿಂದ ಬಲಕ್ಕೆ ಓದುವ ಪಿ.ಡಿ.ಎಫ್. ಬಾಲ ಸೇರಿದಾಗ ಪರದೆಯಲ್ಲಿ ಬಾಲ ತಲೆಯ ಕಡೆಗೆ ಬಂದು ನಿಲ್ಲುವುದುಂಟು. ಇದು ಭಾಷೆಯ ದೋಷವಲ್ಲ, ಕೆಲವು ತಂತ್ರಾಂಶ ಬರೆದವರು ನಮ್ಮನ್ನು ನೆನೆಯದ ದೋಷ.

ಹೆಸರಿನ ವಿಷಯ ಬಂದದ್ದಕ್ಕೆ ಇನ್ನೊಂದು. ಮುಹಮ್ಮದ್ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ನಮ್ಮ ಶಾಲೆಯ ದಾಖಲೆಗಳಲ್ಲೇ ನಾನು ಆರು ರೀತಿಯಲ್ಲಿ ಕಂಡಿದ್ದೇನೆ. ಆಧಾರಿನಲ್ಲಿ ಒಂದು, ಜನನ ಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ಫಾತಿಮಾ ಒಂದು ಕಡೆ ಬೀ ಆಗಿದ್ದಾಳೆ, ಇನ್ನೊಂದು ಕಡೆ ಬಾನು ಆಗಿದ್ದಾಳೆ. ಮನುಷ್ಯರಿಗೆ ಇದು ಒಂದೇ ಮಗು. ಸರ್ವರಿಗೆ ಒಂದು ಅಕ್ಷರ ಬೇರೆಯಾದರೆ ಅದು ಬೇರೆಯೇ ಮಗು. ಫೈಲು ಎಷ್ಟು ಚೆನ್ನಾಗಿ ಏರಿದರೂ ಹೊಂದಾಣಿಕೆಯ ಹಂತದಲ್ಲಿ ಬಿದ್ದುಹೋಗುತ್ತದೆ. ಒಂದನೆಯ ತರಗತಿಗೆ ಸೇರಿಸುವಾಗಲೇ ಜನನ ಪತ್ರ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಇಳಿಸಿಕೊಳ್ಳುವುದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಳಿದ ಫೈಲು ಡೌನ್‌ಲೋಡ್ಸ್ ಎಂಬ ಫೋಲ್ಡರಿನಲ್ಲಿ ಕೂರುತ್ತದೆ. ಅರ್ಧ ಇಳಿದದ್ದಕ್ಕೆ ಕ್ರೋಮ್ ಒಂದು ವಿಚಿತ್ರ ಬಾಲ ಹಚ್ಚಿರುತ್ತದೆ, ಫೈರ್‌ಫಾಕ್ಸ್ 'ಪಾರ್ಟ್' ಎಂದು ಹಚ್ಚುತ್ತದೆ. ಆ ಬಾಲ ಇರುವವರೆಗೆ ಅದು ಪೂರ್ತಿ ಫೈಲಲ್ಲ, ಅಂಗಡಿ ಬಿಡಬೇಡಿ. ಮುದ್ರಿಸಿಯಾದ ಮೇಲೆ ಆ ಕಂಪ್ಯೂಟರಿನಿಂದ ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿ, ಖಾತೆಯಿಂದ ಹೊರಬನ್ನಿ. ಒಮ್ಮೆ ಬೇರೊಂದು ಊರಿನ ಅಂಗಡಿಯಲ್ಲಿ ಕುಳಿತಾಗ ನನ್ನ ಮುಂದಿನ ಪರದೆಯಲ್ಲಿ ನನಗೆ ಪರಿಚಯವೇ ಇಲ್ಲದ ಹತ್ತಾರು ಹೆಣ್ಣುಮಕ್ಕಳ ಆಧಾರ್, ಫೋಟೋ, ಬ್ಯಾಂಕ್ ಪುಸ್ತಕ ಸಾಲಾಗಿ ಕಂಡವು. ಯಾರೂ ಕೆಟ್ಟ ಉದ್ದೇಶದಿಂದ ಇಟ್ಟದ್ದಲ್ಲ. ಅಳಿಸಬೇಕೆಂದು ಯಾರಿಗೂ ತೋಚಿಲ್ಲ, ಅಷ್ಟೆ. ಬ್ರೌಸರ್ ಮಾತ್ರ ಈ ವಿಷಯದಲ್ಲಿ ನಮಗಿಂತ ಜಾಗರೂಕ: ನೀವು ಆರಿಸಿದ ಫೈಲನ್ನು ಬಿಟ್ಟು ಬೇರೆ ಯಾವುದನ್ನೂ ಅದು ಜಾಲತಾಣಕ್ಕೆ ಕೊಡುವುದಿಲ್ಲ, ಆ ಫೈಲು ನಿಮ್ಮಲ್ಲಿ ಯಾವ ಫೋಲ್ಡರಿನಲ್ಲಿತ್ತು ಎಂಬುದನ್ನೂ ಮರೆಮಾಡುತ್ತದೆ.

ಮೇಲೆ ಬೀಗದ ಚಿತ್ರ ಇದ್ದರೆ ಸುರಕ್ಷಿತ ಎಂದು ಹಿಂದೆ ಹೇಳಿಕೊಡುತ್ತಿದ್ದೆವು. ಕಂಪ್ಯೂಟರಿನ ಕ್ರೋಮ್ 2023ರಲ್ಲಿ ಆ ಬೀಗವನ್ನು ತೆಗೆದು ಬೇರೆ ಗುರುತು ಹಾಕಿತು, ಯಾಕೆಂದರೆ ಜನ ಅದನ್ನು ತಪ್ಪು ತಿಳಿದಿದ್ದರು. ಬೀಗದ ಅರ್ಥ ದಾರಿಯಲ್ಲಿ ಯಾರೂ ಲಕೋಟೆ ಬಿಚ್ಚಿ ಓದಲಾರರು ಎಂದು ಮಾತ್ರ; ಲಕೋಟೆ ಪಡೆಯುವವನು ಒಳ್ಳೆಯವನೋ ಕಳ್ಳನೋ ಎಂದು ಅದು ಹೇಳದು. ಅದಕ್ಕೆ ವಿಳಾಸವನ್ನೇ ಓದಬೇಕು. ಸರ್ಕಾರದ ತಾಣಗಳ ವಿಳಾಸ ಸಾಮಾನ್ಯವಾಗಿ ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಎಂದು ಮುಗಿಯುತ್ತದೆ. ವಿದ್ಯಾರ್ಥಿವೇತನ ಕೊಡುತ್ತೇವೆ, ಇಲ್ಲಿ ಆಧಾರ್ ಏರಿಸಿ ಎಂದು ವಾಟ್ಸಾಪಿನಲ್ಲಿ ಬರುವ ಕೊಂಡಿಗಳನ್ನು ಒತ್ತುವ ಮೊದಲು ಶಾಲೆಗೆ ಒಂದು ಫೋನ್ ಮಾಡಿ. ಯಾವ ಯೋಜನೆ ಇದೆ, ಯಾವುದು ಇಲ್ಲ ಎಂಬುದೂ ವರ್ಷ ವರ್ಷ ಬದಲಾಗುತ್ತದೆ. ಕೇಂದ್ರದ ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು 2022-23ರಿಂದ 1ರಿಂದ 8ನೇ ತರಗತಿಯ ಮಕ್ಕಳಿಗೆ ನಿಲ್ಲಿಸಿದ ಮೇಲೂ, ಅದಕ್ಕೆಂದು ಮಕ್ಕಳ ದಾಖಲೆ ಹಿಡಿದು ಅಲೆದ ತಾಯಂದಿರನ್ನು ನಾನು ನೋಡಿದ್ದೇನೆ.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಏರಿಸುವ ಕೆಲಸವೇ ಬೇಡ ಎಂಬ ದಾರಿ. ರಾಜ್ಯದ ವಿದ್ಯಾರ್ಥಿವೇತನ ತಾಣದಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಫೋಟೋ ಹಾಕುವ ಬದಲು ನಾಡಕಚೇರಿ ಕೊಟ್ಟ ಪತ್ರದಲ್ಲಿರುವ ಆರ್.ಡಿ. ಸಂಖ್ಯೆಯನ್ನು ಬರೆದರೆ, ಒಂದು ಸರ್ವರು ಇನ್ನೊಂದು ಸರ್ವರನ್ನು ಕೇಳಿ ತಾನೇ ಖಚಿತಪಡಿಸಿಕೊಳ್ಳುತ್ತದೆ. 2015ರಲ್ಲಿ ಬಂದ ಡಿಜಿಲಾಕರ್ ಕೂಡ ಹಾಗೆಯೇ. ಅದರೊಳಗೆ ಸಂಸ್ಥೆಯೇ ನೇರವಾಗಿ ನೀಡಿದ ಅಂಕಪಟ್ಟಿಗೆ 2016ರ ನಿಯಮಗಳ ಪ್ರಕಾರ ಮೂಲ ಪತ್ರದಷ್ಟೇ ಮಾನ್ಯತೆ. ನೀವೇ ಫೋಟೋ ತೆಗೆದು ಅದರಲ್ಲಿಟ್ಟದ್ದಕ್ಕೆ ಆ ಮಾನ್ಯತೆ ಇಲ್ಲ, ವ್ಯತ್ಯಾಸ ನೆನಪಿರಲಿ.

ಆ ಹುಡುಗಿಯ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಮುಂದಿನ ವರ್ಷ ಅವಳ ಅರ್ಜಿಯನ್ನು ನಾವಿಬ್ಬರೂ ಶಾಲೆಯಲ್ಲೇ ಕುಳಿತು ಹಾಕಿದೆವು, ಗುಂಡಿ ಒತ್ತಿದ್ದು ಅವಳೇ. ಆ ವರ್ಷದ್ದು ಬಂತು. ಹೋದ ವರ್ಷದ್ದು ಹೋದದ್ದೇ. ಈಗ ಅವಳು ಕಾಪುವಿನ ಕಡೆಯಿಂದ ಕಾಲೇಜಿಗೆ ಹೋಗುತ್ತಾಳೆ, ರಜೆಯಲ್ಲಿ ಅವಳ ಕೇರಿಯವರ ಅರ್ಜಿಗಳು ಅವಳ ಮೊಬೈಲಿನಿಂದಲೇ ಹೋಗುತ್ತವೆ. ಅಂಕಪಟ್ಟಿ ಏರಿಸಿದ ಮೇಲೆ ಅದನ್ನು ಮತ್ತೆ ತೆರೆದು ನೋಡುವ ಅಭ್ಯಾಸ ನನಗೆ ಅವಳಿಂದ ಬಂದದ್ದು.

ಕೊನೆಯದಾಗಿ ಒಂದು ಸೂಚನೆ. ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ನಾನಿರುತ್ತೇನೆ, ಜೊತೆಗೆ ಹತ್ತನೆಯ ತರಗತಿಯ ನಾಲ್ಕು ಮಕ್ಕಳೂ ಇರುತ್ತಾರೆ. ಅರ್ಜಿ ಹಾಕಬೇಕಾದವರು ಮೂಲ ಕಾಗದಗಳನ್ನು ತನ್ನಿ, ಆಧಾರಿಗೆ ಜೋಡಿಸಿದ ಮೊಬೈಲನ್ನೂ ತನ್ನಿ, ಯಾಕೆಂದರೆ ಒ.ಟಿ.ಪಿ. ಬರುವುದು ಅದಕ್ಕೇ. ಬಹಳ ಮನೆಗಳಲ್ಲಿ ಆ ಸಿಮ್ ತಂದೆಯ ಜೊತೆ ಸೌದಿಯಲ್ಲಿರುತ್ತದೆ. ಹಾಗಿದ್ದರೆ ಅವರಿಗೆ ಮೊದಲೇ ಹೇಳಿಡಿ, ಒ.ಟಿ.ಪಿ.ಗೆ ಕೆಲವೇ ನಿಮಿಷದ ಆಯುಷ್ಯ, ಫೋನ್ ಕೈಯಲ್ಲೇ ಇರಲಿ. ನಾವು ಸಂಜೆ 4 ಗಂಟೆಗೆ ಶುರು ಮಾಡುತ್ತೇವೆ, ಅಲ್ಲಿ ಆಗ ಮಧ್ಯಾಹ್ನ ಒಂದೂವರೆ.